ನಳಿಗೆ ಕಾದರೆ ಗುರಿ ಏಕೆ ಬದಲಾಗುತ್ತದೆ?



ಕಳೆದ ತಿಂಗಳ ಕೂಟ ಮುಗಿದ ಮೇಲೆ ಕಾಸರಗೋಡು ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಮೊಬೈಲಿನಲ್ಲಿ ಐದು ಕಾಗದಗಳ ಚಿತ್ರ ತೋರಿಸಿದರು. ಅಮೆರಿಕದಲ್ಲಿರುವ ಅವರ ಅಣ್ಣನ ಮಗ ಕಳಿಸಿದ್ದು. ಆತನ ಹತ್ತಿರ ಹಳೆಯ ವಿಂಚೆಸ್ಟರ್ 94 ಲಿವರ್ ಆಕ್ಷನ್ ರೈಫಲ್ ಇದೆ. ತೋಟೆಗಳನ್ನು ಅಂಗಡಿಯಿಂದ ತರದೆ, ಅಲ್ಲಿನ ಕೈಪಿಡಿ ನೋಡಿಕೊಂಡು ತಾನೇ ತುಂಬಿಕೊಳ್ಳುತ್ತಾನೆ. ಮದ್ದಿನ ಅಳತೆಯನ್ನು ಚೂರು ಚೂರು ಬದಲಿಸಿ ಐದು ಬಗೆ ಮಾಡಿ, ಬಗೆಗೆ ಐದರಂತೆ ಇಪ್ಪತ್ತೈದು ಗುಂಡುಗಳನ್ನು ಒಂದೇ ಬೆಳಿಗ್ಗೆ ಹೊಡೆದಿದ್ದಾನೆ. ಮೊದಲ ಕಾಗದದಲ್ಲಿ ತೂತುಗಳು ಒತ್ತೊತ್ತಾಗಿವೆ. ನಾಲ್ಕನೆಯದರಲ್ಲಿ ಮೇಲಿಂದ ಕೆಳಕ್ಕೆ ಏಣಿಯ ಮೆಟ್ಟಿಲಿನಂತೆ ಸಾಲಾಗಿವೆ. ಐದನೆಯದು ಚೆಲ್ಲಾಪಿಲ್ಲಿ. "ಮೊದಲನೆಯದೇ ಒಳ್ಳೆಯದು ಚಿಕ್ಕಪ್ಪಾ, ಜಿಂಕೆ ಬೇಟೆಯ ಕಾಲಕ್ಕೆ ಅದನ್ನೇ ತುಂಬುತ್ತೇನೆ" ಎಂದು ಬರೆದಿದ್ದ. "ಇದು ಸರಿಯೇ ಮಾರಾಯ್ರೆ?" ಎಂದು ಸದಸ್ಯರ ಪ್ರಶ್ನೆ.

ನಾವು ಕೋವಿ ಹಿಡಿದವರಲ್ಲ, ಕಡತ ಹಿಡಿದವರು. ಆದರೂ ಕಾಗದಗಳ ಕ್ರಮಸಂಖ್ಯೆ ನೋಡಿದ ಕೂಡಲೇ ನಮಗೆ ಅನುಮಾನ ಬಂತು. ಒಂದರಿಂದ ಐದಕ್ಕೆ ಹೋದಂತೆ ಮದ್ದೂ ಬದಲಾಗಿದೆ, ನಳಿಗೆಯ ಬಿಸಿಯೂ ಏರಿದೆ. ಕೆಟ್ಟದ್ದು ಯಾವುದರಿಂದ? ಐದು ಮನೆಯ ದೋಸೆ ಹಿಟ್ಟನ್ನು ಒಂದೇ ಕಾವಲಿಯಲ್ಲಿ, ಉರಿ ತಗ್ಗಿಸದೆ ಸಾಲಾಗಿ ಹುಯ್ದರೆ ಕೊನೆಯ ಮನೆಯವರ ದೋಸೆ ಸೀದೇ ಸೀಯುತ್ತದೆ. ಅದಕ್ಕೆ ಹಿಟ್ಟನ್ನು ದೂರುವುದು ನ್ಯಾಯವಲ್ಲ. ಈ ವಿಷಯದಲ್ಲಿ ನಾವು ಓದಿ, ಕೇಳಿ ತಿಳಿದುಕೊಂಡದ್ದನ್ನು ಎಲ್ಲ ಸದಸ್ಯರಿಗೂ ತಿಳಿಸೋಣವೆಂದು ಈ ಬರಹ.

ತೋಟೆಯೊಳಗಿನ ಮದ್ದು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಗುಂಡಿನ ಪಾಲಿಗೆ ಬರುವುದು ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ಬಿಸಿ ಗಾಳಿಯಾಗಿ, ಸದ್ದಾಗಿ ಹೋಗುತ್ತದೆ; ಒಂದು ಪಾಲು ನಳಿಗೆಯ ಉಕ್ಕಿನಲ್ಲಿ ಉಳಿಯುತ್ತದೆ. ಲಿವರ್ ರೈಫಲಿನ ನಳಿಗೆ ತೆಳು. ಕುದುರೆಯ ಮೇಲೆ ಕೂತವನು ಹೊರಲೆಂದು ಹಗುರ ಮಾಡಿದ್ದು. ಬಿಡುವಿಲ್ಲದೆ ಹತ್ತು ಗುಂಡು ಹೊಡೆದರೆ ಮುಟ್ಟಿದ ಕೈ ಹಿಂದೆ ಬರುತ್ತದೆ.

ಕಾದ ಉಕ್ಕು ಹಿಗ್ಗುತ್ತದೆ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಕೂರಿಸಿ ನೀರು ಹೊಯ್ಯುವುದನ್ನು ಆದವಾನಿ, ಸೊಲ್ಲಾಪುರ ಸೀಮೆಯ ಹಿರಿಯರು ನೋಡಿಯೇ ಇರುತ್ತೀರಿ. ಲೆಕ್ಕ ಹಾಕಿದರೆ, 20 ಅಂಗುಲದ ನಳಿಗೆ 50 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದಾಗ ಸುಮಾರು 0.3 ಮಿಲಿಮೀಟರ್ ಉದ್ದವಾಗುತ್ತದೆ. ಬರೀ ಉದ್ದವಾದರೆ ತೊಂದರೆ ಇಲ್ಲ. ಸೊಟ್ಟಗಾಗುವುದೇ ತೊಂದರೆ.

ಸೊಟ್ಟ ಏಕಾಗುತ್ತದೆ ಎಂಬಲ್ಲಿ ಈ ರೈಫಲಿನ ಕಟ್ಟೋಣ ತಿಳಿಯಬೇಕು. ಇದರ ತೋಟೆಗಳು ಇರುವುದು ನಳಿಗೆಯ ಕೆಳಗೆ, ಅದಕ್ಕೆ ಸಮನಾಗಿ ಓಡುವ ಇನ್ನೊಂದು ಕೊಳವೆಯಲ್ಲಿ. ಮೇಲಿನ ನಳಿಗೆ, ಕೆಳಗಿನ ಕೊಳವೆ, ನಡುವೆ ಕೈ ಹಿಡಿಯುವ ಮರ, ಎಲ್ಲವನ್ನೂ ಉಕ್ಕಿನ ಬಳೆಗಳಿಂದ ಬಿಗಿದಿರುತ್ತಾರೆ. ಬೆಂಕಿ ಹಾಯುವುದು ನಳಿಗೆಯಲ್ಲಿ ಮಾತ್ರ. ಅದು ಹಿಗ್ಗಬೇಕೆನ್ನುತ್ತದೆ, ತಣ್ಣಗಿರುವ ಕೊಳವೆ ಬಿಡುವುದಿಲ್ಲ. ಜೊತೆಗೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಮುಂದೆ ಹೋಗಿ ಇನ್ನೊಂದು ನಿಂತರೆ ನೊಗ ಓರೆಯಾಗುತ್ತದಲ್ಲ, ಹಾಗೆ. ನಳಿಗೆಯ ತುದಿ ಬರೀ 0.15 ಮಿಲಿಮೀಟರ್ ವಾಲಿದರೆ 100 ಗಜ ದೂರದಲ್ಲಿ ಗುಂಡು ಸುಮಾರು ಒಂದು ಅಂಗುಲ ಬೇರೆ ಕಡೆ ಬೀಳುತ್ತದೆ. ಏಣಿಯ ಮೆಟ್ಟಿಲು ಬಂದದ್ದು ಹೀಗೆ. ಎಲ್ಲ ರೈಫಲ್‌ಗಳೂ ಒಂದೇ ದಿಕ್ಕಿಗೆ ವಾಲುವುದಿಲ್ಲ. ಬಳೆ ಎಲ್ಲಿ ಬಿಗಿ, ಮರ ಎಲ್ಲಿ ಒತ್ತುತ್ತದೆ, ತಯಾರಾಗುವಾಗ ಉಕ್ಕಿನೊಳಗೆ ಎಂಥ ಸೆಟೆತ ಉಳಿದಿದೆ ಎಂಬುದರ ಮೇಲೆ ಹೋಗುತ್ತದೆ.

ಇದೇನೂ ಹೊಸ ಕಾಟವಲ್ಲ. 1860ರ ಹೆನ್ರಿ ರೈಫಲಿಗೆ ಮುಂಗೈ ಹಿಡಿಯುವ ಮರವೇ ಇರಲಿಲ್ಲ. ಹೊಡೆಯುತ್ತಾ ಹೋದರೆ ಕೈ ಸುಡುತ್ತಿತ್ತು. 1866ರ ವಿಂಚೆಸ್ಟರ್‌ನಲ್ಲಿ ಮರ ಬಂತು. ಕೈ ಉಳಿಯಿತು, ಆದರೆ ನಳಿಗೆಗೆ ಒರಗುವ ಸಾಮಾನು ಒಂದು ಹೆಚ್ಚಾಯಿತು. ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿಗೆ ಮರುವರ್ಷ ಹೊಗೆಯಿಲ್ಲದ ಮದ್ದಿನ .30-30 ತೋಟೆ ಸೇರಿತು. ನಮ್ಮ ಸದಸ್ಯರ ಹುಡುಗ ತುಂಬುತ್ತಿರುವುದೂ ಅದನ್ನೇ.

ಬಿಸಿಯ ಇನ್ನೊಂದು ಕೆಲಸವನ್ನು ಹಗುರವಾಗಿ ನೋಡಬಾರದು. ಕಾದ ನಳಿಗೆಯೊಳಗೆ ತೋಟೆಯನ್ನು ಹಾಕಿಟ್ಟು ನಿಧಾನವಾಗಿ ಗುರಿ ನೋಡುತ್ತಾ ಕೂತರೆ ಮದ್ದೂ ಬಿಸಿಯಾಗುತ್ತದೆ. ಬಿಸಿ ಮದ್ದು ಬೇಗ ಉರಿಯುತ್ತದೆ, ಗುಂಡಿನ ವೇಗವೂ ಒಳಗಿನ ಒತ್ತಡವೂ ಏರುತ್ತವೆ. ಕೈಪಿಡಿಯ ಮೇಲ್ಮಿತಿಯ ಹತ್ತಿರ ತುಂಬಿದ ತೋಟೆಯಾದರೆ ಇದು ಗುರಿಯ ಮಾತಲ್ಲ, ಕಣ್ಣು ಕೈಗಳ ಮಾತು. ಹೊಡೆಯುವ ಗಳಿಗೆಯಲ್ಲೇ ತೋಟೆ ಹಾಕಬೇಕು. ಇನ್ನು, ಕಾದ ನಳಿಗೆಯ ಮೇಲಿಂದ ಏಳುವ ಬಿಸಿ ಗಾಳಿ ದುರ್ಬೀನಿನ ಮುಂದೆ ಅಲೆಯಾಡಿ ಗುರಿಯನ್ನೇ ಕುಣಿಸುತ್ತದೆ. ಬೇಸಿಗೆಯ ಡಾಂಬರು ರಸ್ತೆಯನ್ನು ನೆನಪಿಸಿಕೊಳ್ಳಿ.

ಹಾಗಾದರೆ ಪರೀಕ್ಷೆ ಹೇಗೆ? ಕಾಗದ ಐದು ಇರಲಿ. ಮೊದಲ ಸುತ್ತಿನಲ್ಲಿ ಪ್ರತಿ ಬಗೆಯಿಂದ ಒಂದೊಂದೇ ಗುಂಡು, ಆಯಾ ಕಾಗದಕ್ಕೆ. ಎರಡನೇ ಸುತ್ತು ಐದನೆಯದರಿಂದ ಹಿಂದಕ್ಕೆ. ಹೀಗೆ ಮಾಡಿದರೆ ಬಿಸಿ ಎಲ್ಲರಿಗೂ ಹಂಚಿಹೋಗುತ್ತದೆ. ಮೂರು ಗುಂಡಿಗೊಮ್ಮೆ ಲಿವರ್ ತೆರೆದಿಟ್ಟು ನಳಿಗೆಯನ್ನು ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಖಾಲಿ ಇದೆಯೆಂದು ಇನ್ನೊಮ್ಮೆ ನೋಡಿ, ಕೈಯಿಟ್ಟರೆ ತಣ್ಣಗೆನಿಸುವವರೆಗೆ ಕಾಯಬೇಕು. ಹತ್ತು ನಿಮಿಷವೋ ಇಪ್ಪತ್ತೋ, ಅದು ಹವೆಯನ್ನು ಅವಲಂಬಿಸಿದ್ದು. ಎಣ್ಣೆ ಹಚ್ಚಿ ಒರೆಸಿದ ನಳಿಗೆಯ ಮೊದಲ ಒಂದೆರಡು ಗುಂಡನ್ನು ಲೆಕ್ಕಕ್ಕೆ ಹಿಡಿಯಬಾರದು. ಮರಳಿನ ಚೀಲದ ಮೇಲೆ ಮರವನ್ನು ಪ್ರತಿ ಸಲವೂ ಅದೇ ಜಾಗದಲ್ಲಿ ಇಡಬೇಕು, ನಳಿಗೆಯನ್ನು ಇಡಲೇಬಾರದು.

ಬೇಟೆಗಾರನಿಗೆ ಇಷ್ಟೂ ಸಾಲದು. ಕಾಡಿನಲ್ಲಿ ಜಿಂಕೆಗೆ ಬೀಳುವುದು ತಣ್ಣನೆಯ ನಳಿಗೆಯ ಮೊದಲ ಗುಂಡು. ಕಾದ ನಳಿಗೆಯಲ್ಲಿ ದುರ್ಬೀನು ಸರಿಹೊಂದಿಸಿ ಹೊರಟವನ ಮೊದಲ ಗುಂಡು ಬೇರೆ ಕಡೆ ಹೋಗಿ, ಗಾಯಗೊಂಡ ಪ್ರಾಣಿ ಪೊದೆಯಲ್ಲಿ ನರಳುವ ಪಾಡು ಯಾರಿಗೂ ಬೇಡ. ಅದಕ್ಕೆ ದಿನಕ್ಕೊಂದೇ ಗುಂಡು, ಒಂದೇ ಕಾಗದಕ್ಕೆ, ಹಲವು ಬೆಳಿಗ್ಗೆ ಹೊಡೆದು ನೋಡಬೇಕು. ಬೇಸರದ ಕೆಲಸ, ಆದರೆ ನಿಜ ಹೇಳುವ ಕಾಗದ ಅದೊಂದೇ.

ನಮ್ಮ ಸದಸ್ಯರಲ್ಲಿ ಬೆಳೆ ಕಾಯಲು ಕೋವಿ ಲೈಸೆನ್ಸ್ ಇರುವವರು ಗಾಬರಿಯಾಗಬೇಕಿಲ್ಲ. ಹತ್ತಿರದಿಂದ ಒಂದೆರಡು ಈಡು ಹೊಡೆಯುವ ಚರೆ ಕೋವಿಗೆ ಈ ಲೆಕ್ಕ ತಟ್ಟುವುದಿಲ್ಲ. ಇನ್ನೊಂದು ಮಾತು: 1959ರ ಆಯುಧ ಕಾಯಿದೆಯ ಪ್ರಕಾರ ನಮ್ಮಲ್ಲಿ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಈ ಬರಹ ಓದಿ ಯಾರೂ ಮದ್ದು ತೂಗಲು ಕೂರಬೇಡಿ.

ಹುಡುಗನಿಗೆ ಇದನ್ನೆಲ್ಲ ಅವನ ಚಿಕ್ಕಪ್ಪ ಫೋನಿನಲ್ಲಿ ಓದಿ ಹೇಳಿದರು. ಎರಡು ಬೆಳಿಗ್ಗೆ ಹಿಡಿಯಿತಂತೆ. ಈ ಸಲ ಚೆನ್ನಾಗಿ ಬಂದದ್ದು ಮೂರನೆಯ ಬಗೆ. ಚೆಲ್ಲಾಪಿಲ್ಲಿಯಾಗಿದ್ದ ಐದನೆಯದು ಎರಡನೇ ಸ್ಥಾನದಲ್ಲಿದೆ, ಮೊದಲನೆಯದು ನಾಲ್ಕಕ್ಕೆ ಇಳಿದಿದೆ. ದಿನಕ್ಕೊಂದು ಗುಂಡಿನ ಕಾಗದ ಇನ್ನೂ ನಡೆಯುತ್ತಿದೆ. ಮೊನ್ನೆಗೆ ನಾಲ್ಕು ತೂತಾಗಿತ್ತು.