12 ವೋಲ್ಟ್ ಇದೆ, ಗಾಜು ಮಾತ್ರ ಇಳಿಯದು

ಊರಲ್ಲಿ ಮಳೆ ಮುಗಿಯಿತು ಎಂದು ಅಮ್ಮ ಫೋನಿನಲ್ಲಿ ಹೇಳುವ ಹೊತ್ತಿಗೆ ಚೆನ್ನೈಯಲ್ಲಿ ನಮ್ಮ ಮಳೆಗಾಲ ಶುರುವಾಗುತ್ತದೆ. ಶಿವಮೊಗ್ಗದವನಿಗೆ ಮಳೆ ಹೊಸದಲ್ಲ, ಆದರೆ ವೇಳಚೇರಿಯ ಹಿಂಗಾರಿನ ಗತ್ತೇ ಬೇರೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತಕ್ಕೆ ಇಲ್ಲಿನ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ಕಂಡ ಜನ, ಮರುವರ್ಷ ಅಕ್ಟೋಬರಿನಲ್ಲಿ ಮುನ್ಸೂಚನೆ ಬಂದ ಕೂಡಲೇ ಮೇಲ್ಸೇತುವೆಯ ಮೇಲೆ ಸಾಲಾಗಿ ಕಾರು ನಿಲ್ಲಿಸಿದರು. ನನ್ನದೂ ಆ ಸಾಲಿನಲ್ಲಿತ್ತು.

ಇಂಥ ಊರಲ್ಲಿ, ಮಳೆ ಸುರಿಯುತ್ತಿದ್ದ ಒಂದು ಸಂಜೆ, ನಮ್ಮ ಕಾರಿನ ಹಿಂದಿನ ಎಡಬಾಗಿಲು ತೆರೆಯಲಿಲ್ಲ. ಒಳಗೆ ಬೆಲ್ಟ್ ಹಾಕಿಕೊಂಡು ಕೂತಿದ್ದವಳು ನಾಲ್ಕು ವರ್ಷದ ಮಗಳು. ರಿಮೋಟ್ ಒತ್ತಿದರೆ ಉಳಿದ ಬಾಗಿಲುಗಳು ಟಕ್ಕೆಂದವು, ಅದೊಂದು ಸುಮ್ಮನಿತ್ತು. ಗಾಜೂ ಇಳಿಯಲಿಲ್ಲ. ಚೈಲ್ಡ್ ಲಾಕ್ ಹಾಕಿದ್ದರಿಂದ ಒಳಗಿನ ಹಿಡಿಕೆಯಿಂದಲೂ ಉಪಯೋಗವಿಲ್ಲ. ಹೆಂಡತಿ ಬಲಬಾಗಿಲಿನಿಂದ ತೂರಿ ಅವಳನ್ನು ಎತ್ತಿ ತಂದಳು. ಅಂದು ರಸ್ತೆಯಲ್ಲಿ ನೀರು ಪಾದ ಮುಳುಗುವಷ್ಟೇ ಇತ್ತು. ರಾತ್ರಿ ನಿದ್ದೆ ಬರಲಿಲ್ಲ.

ಆ ಬಾಗಿಲು ಹದಿನೈದು ದಿನದ ಹಿಂದಷ್ಟೇ ರಿಪೇರಿಯಾಗಿ ಬಂದಿತ್ತು. ಆಟೊ ತಾಗಿ ತಗ್ಗಾಗಿದ್ದ ತಗಡಿಗೆ ಟಿಂಕರಿಂಗ್ ಮಾಡಿಸಿದ್ದೆ. ಮತ್ತೆ ಒಯ್ದರೆ, 'ಗಾಜಿನ ಮೋಟಾರ್ ಹೋಗಿದೆ ಸಾರ್, ಲಾಕೂ ಬದಲಿಸಬೇಕು' ಎಂದರು. ಎರಡು ಮೋಟಾರು ಒಂದೇ ದಿನ ಸಾಯುವುದುಂಟೆ? ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಮ್ ನಿಂತರೆ, ನಡುವೆ ಯಾರು ಏನು ಮುಟ್ಟಿದರು ಎಂದೇ ನಾವು ಮೊದಲು ಕೇಳುವುದು.

ಭಾನುವಾರ ಬಾಗಿಲಿನ ಒಳಹಲಗೆ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. (ಹಳದಿ ಹೊದಿಕೆಯ ವೈರ್ ಕಂಡರೆ ಕೈ ಹಾಕಬೇಡಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.) ಲಾಕಿಗೆ ಕರೆಂಟ್ ಒಂದು ಕ್ಷಣ ಮಾತ್ರ ಬಂದು ಹೋಗುವುದರಿಂದ ಮೀಟರಿಗೆ ಸಿಕ್ಕುವುದು ಕಷ್ಟ. ಹಾಗಾಗಿ ಗಾಜಿನ ಮೋಟಾರಿನ ಕನೆಕ್ಟರ್ ಬಿಡಿಸಿ, ಸ್ವಿಚ್ ಒತ್ತಿ ನೋಡಿದೆ: 12.3 ವೋಲ್ಟ್. ಅಲ್ಲಿಗೆ ವೈರ್ ಸರಿ ಇದೆ, ಮೋಟಾರೇ ಹೋಗಿದೆ. ಗ್ಯಾರೇಜಿನವರು ಹೇಳಿದ್ದೇ ನಿಜವಾಯಿತಲ್ಲ ಎಂದು ಪೆಚ್ಚಾದೆ.

ಪಕ್ಕದ ಬೀದಿಯ ಆಟೊ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದೆ. ಮೀಟರ್ ನೋಡಿ ನಕ್ಕರು. 'ಮೀಟರ್ ಪೊಯ್ ಸೊಲ್ಲುಂ ತಂಬಿ, ಬಲ್ಬ್ ಸೊಲ್ಲಾದು.' ಮೀಟರು ಸುಳ್ಳು ಹೇಳೀತು, ಬಲ್ಬು ಹೇಳದು. ಮೊದಲು ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟರು. ಗಾಜು ಸರ್ರನೆ ಇಳಿಯಿತು. ಆಮೇಲೆ ಅದೇ ಕನೆಕ್ಟರಿಗೆ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಸೇರಿಸಿ ಸ್ವಿಚ್ ಒತ್ತಿಸಿದರು. ಆರುತ್ತಿರುವ ಕೆಂಡದಷ್ಟೂ ಬೆಳಕಿಲ್ಲ.

ಎಂಟೆಕ್ ಮಾಡಿದವನಿಗೆ ನಾಚಿಕೆಯಾಗಬೇಕಾದ ಗಳಿಗೆ ಅದು. ಮೀಟರ್ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ವೈರಿನೊಳಗೆ ತಾಮ್ರದ ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಮೋಟಾರಿಗೆ ಹಲವು ಆಂಪಿಯರ್ ಬೇಕು. ಕೇಳಿದ ಕೂಡಲೇ ಆ ಒಂದೆಳೆಯಲ್ಲೇ ವೋಲ್ಟೇಜು ಸೋರಿಹೋಗುತ್ತದೆ.

ಬಾಗಿಲಿಗೂ ಕಂಬಕ್ಕೂ ನಡುವೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯೊಂದಿರುತ್ತದೆ. ಲಾಕು, ಗಾಜು, ಸ್ಪೀಕರು, ಎಲ್ಲದರ ವೈರೂ ಅದರೊಳಗೇ ಹಾಯಬೇಕು. ಬಾಗಿಲು ತೆಗೆದು ಹಾಕಿದಷ್ಟು ಸಲವೂ ಬಾಗಬೇಕು. ಅಣ್ಣ ಅದನ್ನು ಹಿಡಿದು ಅಲ್ಲಾಡಿಸಿದ್ದೇ ತಡ, ಬಲ್ಬ್ ಫಳ್ಳನೆ ಉರಿದು ಮತ್ತೆ ಮಂಕಾಯಿತು. ಬಿಡಿಸಿ ನೋಡಿದರೆ ಎರಡು ವೈರಿನ ಹೊದಿಕೆ ನೆಟ್ಟಗಿದೆ, ಒಳಗೆ ತಾಮ್ರ ಹಸಿರುಗಟ್ಟಿ ತುಂಡಾಗಿದೆ. ರಿಪೇರಿ ಮಾಡುವಾಗ ವೈರಿನ ಕಟ್ಟನ್ನು ಬಿಗಿಯಾಗಿ ಎಳೆದು ಕ್ಲಿಪ್ ಹಾಕಿದ್ದರು, ರಬ್ಬರನ್ನು ತೂತಿಗೆ ಸರಿಯಾಗಿ ಕೂರಿಸಿರಲಿಲ್ಲ. ಎಂಟು ವರ್ಷ ಬಾಗಿ ದಣಿದಿದ್ದ ವೈರು ಹದಿನೈದು ದಿನದ ಎಳೆತಕ್ಕೆ ಸೋತಿತ್ತು.

ತುಂಡಾದಲ್ಲೇ ಬೆಸುಗೆ ಹಾಕೋಣ ಎಂದೆ. ಬೇಡವೆಂದರು. ಬೆಸುಗೆ ಹಾಕಿದ ಕಡೆ ವೈರು ಸೆಟೆದುಕೊಳ್ಳುತ್ತದೆ, ಬಾಗುವ ಜಾಗದಲ್ಲಾದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಒಂದು ಜೋಡಣೆ ಬಾಗಿಲಿನೊಳಗೆ, ಇನ್ನೊಂದು ಕಂಬದೊಳಗೆ. ನಡುವೆ ಮೆತ್ತನೆಯ ಹೊಸ ವೈರು, ತುಸು ಸಡಿಲವಾಗಿ. ಕೂಲಿ 350 ರೂಪಾಯಿ.

ಹೋಗುವಾಗ ಇನ್ನೊಂದು ತೋರಿಸಿದರು. ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜವೇ. ತಳದ ತೂತುಗಳಿಂದ ಅದು ಹೊರಹೋಗುತ್ತದೆ. ಆ ನೀರು ಸ್ವಿಚ್ಚಿನ ಕಡೆ ಬಾರದಂತೆ ತಡೆಯಲು ಒಳಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಟಿಂಕರಿಂಗಿನವರು ಅದನ್ನು ಹರಿದು ಎಸೆದಿದ್ದರು. ಸದ್ಯಕ್ಕೆ ದಪ್ಪ ಪಾಲಿಥಿನ್ ಕತ್ತರಿಸಿ ಅಂಟಿಸಿದ್ದೇನೆ. ಶನಿವಾರ ಪುದುಪೇಟೆಯ ಹಳೆ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಬೇಕು, ಮಳೆ ಬಿಟ್ಟರೆ.