ಒಡ್ಡು ಒಡೆದ ಊರಿನ ಉತ್ಸವ

ಮಿಸಿಸಿಪ್ಪಿ ನದಿಯು ಸಮುದ್ರವನ್ನು ಸೇರುವ ಮುನ್ನ ಅರ್ಧಚಂದ್ರಾಕಾರವಾಗಿ ಬಳಸಿ ಹರಿಯುವೆಡೆಯಲ್ಲಿ ಫ್ರೆಂಚರು 1718ರಲ್ಲಿ ನೆಲೆಗೊಳಿಸಿದ ನ್ಯೂ ಆರ್ಲಿಯನ್ಸ್ ನಗರವು, ದಕ್ಷಿಣದಲ್ಲಿ ಆ ಮಹಾನದಿ, ಉತ್ತರದಲ್ಲಿ ಪಾಂಟ್‌ಚರ್‌ಟ್ರೇನ್ ಸರೋವರ, ಇವೆರಡರ ನಡುವೆ ಅರ್ಧದಷ್ಟು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿಯೇ ಸಂಸಾರ ಹೂಡಿಕೊಂಡು ಬಂದ ಊರು. ಬಿದ್ದ ಮಳೆಯನ್ನು ಕೂಡ ಪಂಪುಗಳಿಂದ ಎತ್ತಿ ಹೊರಹಾಕಬೇಕಾದ ಇಂಥ ಊರಿಗೆ ಒಡ್ಡುಗಳೇ ಪ್ರಾಣಾಧಾರ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತವು ಎರಗಿದಾಗ ಕಾಲುವೆಗಳ ಕಾಂಕ್ರೀಟು ತಡೆಗೋಡೆಗಳು, ಕೆಲವೆಡೆ ನೀರು ಅವುಗಳ ನೆತ್ತಿಯನ್ನು ಮುಟ್ಟುವ ಮೊದಲೇ, ಬುಡಸಹಿತ ಸರಿದು ಮಗುಚಿಕೊಂಡುವು; ನಗರದ ನೂರಕ್ಕೆ 80 ಭಾಗ ಜಲಾವೃತವಾಯಿತು. ಆದುದರಿಂದಲೇ ಅಲ್ಲಿಯ ಜನ ಇದನ್ನು ದೈವಕೋಪವೆಂದು ಕರೆದು ಸುಮ್ಮನಾಗಲೊಪ್ಪರು. ಗೋಡೆಗಳನ್ನು ಕಟ್ಟಿದ ಸೈನ್ಯದ ಎಂಜಿನಿಯರುಗಳ ದಳವೂ ಮರುವರ್ಷ ತನ್ನ ವಿನ್ಯಾಸದೋಷವನ್ನು ಒಪ್ಪಿಕೊಂಡಿತು.

ನೀರಿಳಿದ ಮೇಲೆ ಹಿಂದಿರುಗಿದವರ ಕಣ್ಣಿಗೆ ಬಿದ್ದುದು, ಬೀದಿಯುದ್ದಕ್ಕೂ ಮನೆಮನೆಯ ಗೋಡೆಯ ಮೇಲೆ ಒಂದೇ ಮಟ್ಟಕ್ಕೆ ಮೂಡಿದ್ದ ಕಂದುಬಣ್ಣದ ಗೆರೆ. ಬಾಗಿಲ ಪಕ್ಕದಲ್ಲಿ ಶೋಧಕದಳದವರು ಬಣ್ಣದಲ್ಲಿ ಬರೆದುಹೋದ ದೊಡ್ಡದೊಂದು ಗುಣಾಕಾರದ ಚಿಹ್ನೆ. ಅದರ ಮೇಲ್ಭಾಗದಲ್ಲಿ ತಾರೀಖು, ಎಡಕ್ಕೆ ದಳದ ಗುರುತು, ಬಲಕ್ಕೆ ಒಳಗಿರುವ ಅಪಾಯ, ಕೆಳಗೆ ಸಿಕ್ಕ ಮನುಷ್ಯರ ಲೆಕ್ಕ. ಕೆಳಗೆ ಸೊನ್ನೆಯಿದ್ದವನು ಪುಣ್ಯವಂತ. ಮನೆಯನ್ನು ಹೊಸದಾಗಿ ಕಟ್ಟಿಕೊಂಡ ಮೇಲೂ ಆ ಚಿಹ್ನೆಯ ಮೇಲೆ ಬಣ್ಣ ಬಳಿಯದೆ ಉಳಿಸಿಕೊಂಡವರುಂಟು. ಇನ್ನು ಫ್ರಿಜ್ಜುಗಳ ಪಾಡು ಕೇಳಬೇಕು: ವಾರಗಟ್ಟಲೆ ವಿದ್ಯುತ್ತಿಲ್ಲದೆ ಒಳಗಿನ ಮೀನು ಮಾಂಸಗಳು ಕೊಳೆತು ಹುಳುಬಿದ್ದು, ಬಾಗಿಲು ತೆರೆಯುವುದೇ ಸಾಹಸವಾಗಿದ್ದುದರಿಂದ, ಜನ ಅವನ್ನು ಟೇಪು ಸುತ್ತಿ ಬಿಗಿದು ಬೀದಿಯಂಚಿಗೆ ತಳ್ಳಿದರು, ಸಾಲುಗಟ್ಟಿ ನಿಂತ ಆ ಬಿಳಿಯ ಪೆಟ್ಟಿಗೆಗಳ ಮೇಲೆ ಮೇಯರನಿಂದ ಹಿಡಿದು ರಾಷ್ಟ್ರಾಧ್ಯಕ್ಷನವರೆಗೆ ಎಲ್ಲರನ್ನೂ ಮೂದಲಿಸುವ ಬರಹಗಳು ಕಾಣಿಸಿಕೊಂಡುವು. ಹಗಲೆಲ್ಲ ಬೂಷ್ಟು ಹಿಡಿದ ಗೋಡೆಯ ಹಲಗೆಗಳನ್ನು ಕೀಳುವುದು, ವಿಮೆಯವರಿಗೆ ಕಾಗದ ಬರೆಯುವುದು, ರಾತ್ರಿ ಅಂಗಳದಲ್ಲಿ ಸರ್ಕಾರ ತಂದು ನಿಲ್ಲಿಸಿದ ಟ್ರೈಲರಿನ ಇಕ್ಕಟ್ಟಿನೊಳಗೆ ಅಡಿಗೆ, ನಿದ್ರೆ, ಜಗಳ ಎಲ್ಲವನ್ನೂ ಮುಗಿಸುವುದು, ಇದೇ ದಿನಚರಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆಯ ಹೂವೆ ಎಂದು ನಮ್ಮಲ್ಲಿ ಕೇಳುವಂತೆ, ಈ ಸ್ಥಿತಿಯಲ್ಲಿ ಮಾರ್ಡಿಗ್ರಾ ಉತ್ಸವ ಬೇಕೆ ಎಂದು ಕೇಳಿದವರು ಅಲ್ಲಿಯೂ ಇದ್ದರು. ಅದರಲ್ಲಿಯೂ ಹ್ಯೂಸ್ಟನ್, ಅಟ್ಲಾಂಟಾಗಳಲ್ಲಿ ತಲೆಯ ಮೇಲೊಂದು ಸೂರು ಹುಡುಕುತ್ತಿದ್ದ ನಿರಾಶ್ರಿತರ ಆಕ್ಷೇಪಣೆ ತೀಕ್ಷ್ಣವಾಗಿತ್ತು. ಆದರೆ ಈ ಉತ್ಸವವನ್ನು ನಡೆಯಿಸುವುದು ಸರ್ಕಾರವಲ್ಲ. ನೆರೆಹೊರೆಯವರು, ಸ್ನೇಹಿತರು ಸೇರಿ ಕಟ್ಟಿಕೊಂಡ, ಕ್ರೂ ಎಂದು ಕರೆಯಲ್ಪಡುವ ಮಂಡಲಿಗಳು ವರ್ಷವಿಡೀ ಚಂದಾ ಕೂಡಿಸಿ, ರಥಗಳನ್ನು ಸಿಂಗರಿಸಿ ಇದನ್ನು ನಡೆಯಿಸುತ್ತವೆ; ಕೋಮಸ್ ಎಂಬ ಮಂಡಲಿಯ ಮೊದಲ ಮೆರವಣಿಗೆ ಹೊರಟುದು 1857ರಲ್ಲಿ, ರೆಕ್ಸ್ ಮಂಡಲಿಯದು 1872ರಲ್ಲಿ. ಜನವರಿ 6ಕ್ಕೆ ಋತು ಮೊದಲಾಗಿ, ಒಳಗೊಂದು ಪುಟ್ಟ ಪ್ಲಾಸ್ಟಿಕ್ ಶಿಶುವನ್ನು ಅಡಗಿಸಿದ ಕೇಕು ಮನೆಮನೆಗೆ ಬಂದು, ಕ್ರೈಸ್ತರ ಉಪವಾಸಕಾಲದ ಹಿಂದಿನ ಮಂಗಳವಾರ ಅದು ಮುಗಿಯುತ್ತದೆ. ಹೀಗೆ ಬೀದಿಬೀದಿಯ ಅಭ್ಯಾಸದಲ್ಲಿ ಬೇರುಬಿಟ್ಟದ್ದನ್ನು ನಗರಸಭೆ ತಡೆಯುವುದೆಂತು? ಪೋಲೀಸರಿಗೂ ಕಸಕ್ಕೂ ಹಣವಿಲ್ಲದೆ ಅದು ಮೆರವಣಿಗೆಯ ದಿನಗಳನ್ನು ಕಡಿತಗೊಳಿಸಿ, ದಾತರನ್ನು ಹುಡುಕಿತು. ಮುಂದೆ ಬಂದುದು ಕಸದ ಚೀಲ ತಯಾರಿಸುವ ಒಂದು ಕಂಪನಿ, ಹಣದೊಡನೆ ಒಂದು ಲಕ್ಷ ಚೀಲಗಳನ್ನೂ ಕೊಟ್ಟಿತು. ವಿಧಿಗೆ ಹಾಸ್ಯಪ್ರಜ್ಞೆಯಿಲ್ಲವೆಂದು ಯಾರು ಹೇಳಿಯಾರು?

ಆ ವರ್ಷ ಮೊದಲು ಬೀದಿಗಿಳಿದವರಲ್ಲಿ ಕ್ರೂ ಡು ವ್ಯೂ ಎಂಬ ವಿಡಂಬನಕಾರರ ಮಂಡಲಿಯೂ ಒಂದು; ಒಡೆದ ಒಡ್ಡನ್ನೇ ತನ್ನ ಮೆರವಣಿಗೆಯ ವಸ್ತುವನ್ನಾಗಿ ಮಾಡಿಕೊಂಡಿತು. ಫೆಬ್ರವರಿ 28ರ ಮಂಗಳವಾರ ಬಂದಾಗಲಂತೂ, ಛಾವಣಿಗೆ ಹೊದಿಸಲು ಸರ್ಕಾರ ಹಂಚಿದ್ದ ನೀಲಿ ಟಾರ್ಪಾಲನ್ನೇ ಕತ್ತರಿಸಿ ಅಂಗಿ ಹೊಲಿದುಕೊಂಡವರೂ, ಟೇಪು ಸುತ್ತಿದ ಫ್ರಿಜ್ಜಿನ ವೇಷ ತೊಟ್ಟವರೂ ಬೀದಿತುಂಬ ಓಡಾಡಿದರು. ಇದನ್ನು ಮೈಮರೆವೆಂದು ಕರೆದವರು ಆ ವೇಷಗಳನ್ನು ಸರಿಯಾಗಿ ನೋಡಿರಲಿಲ್ಲವೆಂದೇ ನನ್ನ ಭಾವನೆ. ತಮಗಾದುದರಲ್ಲಿ ಒಂದನ್ನೂ ಮರೆಯದವರು ಮಾತ್ರ ಹಾಗೆ ನಗಬಲ್ಲರು.

ಆದರೂ ಉತ್ಸವ ಊರಿನ ಎಲ್ಲರದೂ ಆಗಿರಲಿಲ್ಲ. ನದಿಯಂಚಿನ ಎತ್ತರದ ಫ್ರೆಂಚ್ ಕ್ವಾರ್ಟರ್ ನೀರಿನಿಂದ ಉಳಿದುಕೊಂಡಿತ್ತು. ಕರಿಯ ಜನಾಂಗದವರು ಹೆಚ್ಚಾಗಿ ವಾಸಿಸುತ್ತಿದ್ದ ಲೋವರ್ ನೈಂತ್ ವಾರ್ಡಿನಲ್ಲಿ ಮನೆಗಳು ಬುನಾದಿ ಬಿಟ್ಟು ತೇಲಿಹೋಗಿದ್ದುವು. ಅಲಂಕರಿಸಿದ ತೆಂಗಿನಕಾಯಿಗಳನ್ನು ಜನರಿಗೆ ಹಂಚುವ ಜುಲು ಮಂಡಲಿಯು ಸದಸ್ಯರನ್ನು ಕಳೆದುಕೊಂಡ, ಬದುಕಿದವರೂ ಚದರಿಹೋದ ದುಃಖದಲ್ಲಿಯೇ ಹೊರಟಿತು. ವರ್ಷವೆಲ್ಲ ಒಂದೊಂದೇ ಮಣಿಯನ್ನು ಸೂಜಿಯಿಂದ ಪೋಣಿಸಿ ಗರಿಗಳ ಭಾರಿ ಪೋಷಾಕನ್ನು ಹೊಲಿಯುವ, ಮಾರ್ಡಿಗ್ರಾ ಇಂಡಿಯನ್ನರೆಂದು ಹೆಸರಾದ ಕರಿಯ ಕಲಾವಿದರು ದೂರದೂರುಗಳ ಬಾಡಿಗೆಕೋಣೆಗಳಲ್ಲಿ ಕುಳಿತೂ ಹೊಲಿದರು. 2000ದ ಜನಗಣತಿಯಲ್ಲಿ 4,84,674 ಇದ್ದ ಜನಸಂಖ್ಯೆ 2010ರಲ್ಲಿ 3,43,829ಕ್ಕೆ ಇಳಿದಿತ್ತು. ಹಿಂದಿರುಗದವರು ಯಾರೆಂಬುದು ಆ ಬೀದಿಗಳನ್ನು ಬಲ್ಲವರಿಗೆ ತಿಳಿದ ವಿಷಯವೇ.

ಒಡ್ಡುಗಳನ್ನು ಅಪಾರ ವೆಚ್ಚದಲ್ಲಿ ಪುನಃ ಕಟ್ಟಿದುದಾಯಿತು. ಆದರೆ ಮಳೆನೀರಿನ ಚರಂಡಿಗಳ ಕಾಟ ತಪ್ಪಲಿಲ್ಲ: ಸೇಂಟ್ ಚಾರ್ಲ್ಸ್ ಅವೆನ್ಯೂವಿನ ಕೆಲವೇ ಅಡ್ಡಬೀದಿಗಳ ನಡುವಣ ಚರಂಡಿಗಳಿಂದ, ರಥಗಳ ಮೇಲಿಂದ ಎಸೆದು ಜನ ಹಿಡಿಯದೆ ಬಿಟ್ಟ ಮಣಿಸರಗಳನ್ನೇ ಸುಮಾರು 46 ಟನ್ನಿನಷ್ಟು ತೆಗೆದುದಾಗಿ 2018ರಲ್ಲಿ ನಗರಸಭೆ ಪ್ರಕಟಿಸಿತು. ಆ ವರ್ಷದಿಂದ ಮೆರವಣಿಗೆಯ ದಿನಗಳಲ್ಲಿ ಚರಂಡಿಬಾಯಿಗಳಿಗೆ ಮಣಿ ನುಗ್ಗದಂತೆ ಸೋಸುವ ಅಡ್ಡತಡೆಗಳನ್ನು ಇರಿಸತೊಡಗಿದರು; ಮಣಿ ಎಸೆಯುವುದನ್ನು ನಿಲ್ಲಿಸೋಣವೆಂದವರ ಮಾತನ್ನು ಮಾತ್ರ ಊರು ಕಿವಿಗೆ ಹಾಕಿಕೊಳ್ಳಲಿಲ್ಲ.