ಮಕ್ಕಳು ನೋಡುವ ಗೇಮಿಂಗ್ ವಿಡಿಯೋ: ಯೋಗ್ಯವೋ ಅಲ್ಲವೋ ತಿಳಿಯುವುದು ಹೇಗೆ?

ಮೊಬೈಲಿನಲ್ಲಿ ಆಟ ಆಡುವುದಷ್ಟೇ ಅಲ್ಲ, ಬೇರೆಯವರು ಆಡುವುದನ್ನು ನೋಡುವುದೂ ಈಗ ಮಕ್ಕಳಿಗೆ ಅಭ್ಯಾಸವಾಗಿದೆ. ಆಟಗಾರನೊಬ್ಬ ತಾನು ಆಡುವ ಆಟವನ್ನು ರೆಕಾರ್ಡ್ ಮಾಡಿ, ಜೊತೆಗೆ ತನ್ನ ಮಾತನ್ನೂ ಸೇರಿಸಿ ಯೂಟ್ಯೂಬಿಗೆ ಹಾಕುತ್ತಾನೆ. ಇದಕ್ಕೇ ಗೇಮಿಂಗ್ ವಿಡಿಯೋ ಎನ್ನುತ್ತಾರೆ. ಊಟದ ಹೊತ್ತಿನಲ್ಲಿ, ಪ್ರಯಾಣದಲ್ಲಿ, ಅಂಗಡಿಯಲ್ಲಿ ದೊಡ್ಡವರು ಕೆಲಸದಲ್ಲಿರುವಾಗ ನಾಲ್ಕೈದು ವರ್ಷದ ಮಕ್ಕಳ ಕೈಯಲ್ಲೂ ಇದೇ ಇರುತ್ತದೆ. "ಆಡ್ತಾ ಇಲ್ಲವಲ್ಲ, ಸುಮ್ಮನೆ ನೋಡ್ತಾ ಇದೆ" ಎಂದು ಹಿರಿಯರು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಮಗು ನೋಡುತ್ತಿರುವುದೇನು ಎಂಬುದು ಅನೇಕ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಗೇಮಿಂಗ್ ವಿಡಿಯೋ ಎಂಬ ಒಂದೇ ಹೆಸರಿನಡಿ ಇಟ್ಟಿಗೆ ಜೋಡಿಸಿ ಮನೆ ಕಟ್ಟುವ ಆಟವೂ ಬರುತ್ತದೆ, ಬ್ಯಾಂಕ್ ದರೋಡೆ ಮಾಡುವ ಆಟವೂ ಬರುತ್ತದೆ. ಹೀಗಾಗಿ ಎಲ್ಲವೂ ಕೆಟ್ಟದ್ದು ಎಂದು ನಿಷೇಧಿಸುವುದೂ ಸರಿಯಲ್ಲ, ಎಲ್ಲವೂ ಕಾರ್ಟೂನ್ ತಾನೇ ಎಂದು ಬಿಟ್ಟುಬಿಡುವುದೂ ಸರಿಯಲ್ಲ. ಯಾವ ಆಟ, ಯಾರ ಮಾತು, ಇದಾದ ಮೇಲೆ ಏನು ಬರುತ್ತದೆ ಎಂಬ ಮೂರು ವಿಷಯಗಳನ್ನು ನೋಡಿದರೆ ಹೆಚ್ಚಿನ ವಿಡಿಯೋಗಳ ಬಗ್ಗೆ ತೀರ್ಮಾನಕ್ಕೆ ಬರಬಹುದು. ಇದಕ್ಕೆ ಹಿರಿಯರಿಗೆ ಆಟ ಆಡಲು ಬರಬೇಕೆಂದೇನೂ ಇಲ್ಲ.

ಆಟಕ್ಕೆ ವಯಸ್ಸಿನ ಗುರುತಿದೆ, ವಿಡಿಯೋಗೆ ಇಲ್ಲ

ಗೂಗಲ್ ಪ್ಲೇ ಸ್ಟೋರಿನಲ್ಲಿ ಯಾವುದೇ ಆಟದ ಹೆಸರು ಹುಡುಕಿದರೂ 3, 7, 12, 16 ಅಥವಾ 18 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು ಕಾಣುತ್ತದೆ. ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್ ಆಟಗಳಿಗೆ ಯುರೋಪಿನಲ್ಲಿ ಪೆಗಿ, ಅಮೆರಿಕದಲ್ಲಿ ಇಎಸ್‌ಆರ್‌ಬಿ ಎಂಬ ಸಂಸ್ಥೆಗಳು ಇಂಥದೇ ಗುರುತು ಕೊಡುತ್ತವೆ. ತೊಂದರೆ ಏನೆಂದರೆ ಈ ಗುರುತು ಆಟದ ಮೇಲೆ ಇರುತ್ತದೆ. ಅದೇ ಆಟವನ್ನು ಆಡಿ ಮಾಡಿದ ವಿಡಿಯೋ ಮೇಲೆ ಅದು ಕಾಣಿಸುವುದಿಲ್ಲ.

ಇದಕ್ಕೆ ಗ್ರ್ಯಾಂಡ್ ಥೆಫ್ಟ್ ಆಟೋ ಒಳ್ಳೆಯ ಉದಾಹರಣೆ. ಮಕ್ಕಳು ಇದನ್ನು 'ಜಿಟಿಎ' ಎನ್ನುತ್ತಾರೆ. 2013ರಲ್ಲಿ ಬಂದ ಇದರ ಐದನೇ ಆಟಕ್ಕೆ ಪೆಗಿ 18 ವರ್ಷ, ಇಎಸ್‌ಆರ್‌ಬಿ 17 ವರ್ಷ ಎಂದು ನಿಗದಿ ಮಾಡಿವೆ. ದರೋಡೆ, ಗುಂಡು ಹಾರಾಟ, ಮದ್ಯ, ಮಾದಕ ವಸ್ತು ಎಲ್ಲವೂ ಇದರಲ್ಲಿವೆ. ನಮ್ಮ ದೇಶದ ಹಲವು ಹಿಂದಿ ಚಾನೆಲ್‌ಗಳು ಇದೇ ಆಟದೊಳಗೆ ಶಿನ್‌ಚಾನ್ ಎಂಬ ಕಾರ್ಟೂನ್ ಹುಡುಗನನ್ನು ಸೇರಿಸಿ ವಿಡಿಯೋ ಮಾಡುತ್ತವೆ. ಶಿನ್‌ಚಾನ್ ಐದು ವರ್ಷದ ಪೋರ. ಅವನ ಜೊತೆಗಿರುವ ಫ್ರ್ಯಾಂಕ್ಲಿನ್ ಮೂಲ ಆಟದಲ್ಲಿ ದರೋಡೆಯಲ್ಲಿ ತೊಡಗುವ ಮೂವರಲ್ಲಿ ಒಬ್ಬ. ಇಂಥ ಕೆಲವು ವಿಡಿಯೋಗಳಲ್ಲಿ ಬರೀ ಕಾರಿನ ಓಟ ಇರಬಹುದು, ಇನ್ನು ಕೆಲವುಗಳಲ್ಲಿ ಹೊಡೆದಾಟ ಇರಬಹುದು. ಚಿತ್ರದ ಮೇಲೆ ಶಿನ್‌ಚಾನ್ ಮುಖ ಕಂಡ ಅಜ್ಜಿ ಮಾತ್ರ ಇದು ಮಕ್ಕಳ ಕಾರ್ಟೂನ್ ಎಂದೇ ತಿಳಿಯುತ್ತಾರೆ. ಮೇಲೆ ಒಳ್ಳೆಯ ಬೇಳೆ, ಕೆಳಗೆ ಕಲ್ಲು ಇರುವ ಚೀಲದಂತೆ ಇದು.

ಆದ್ದರಿಂದ ಮೊದಲು ಮಗುವನ್ನೇ "ಇದು ಯಾವ ಆಟ?" ಎಂದು ಕೇಳಬೇಕು. ಮಕ್ಕಳು ಸಂತೋಷದಿಂದ ಹೇಳುತ್ತಾರೆ. ಆ ಹೆಸರಿನ ಜೊತೆ 'ವಯಸ್ಸಿನ ರೇಟಿಂಗ್' ಎಂದು ಸೇರಿಸಿ ಹುಡುಕಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ. 16 ಅಥವಾ 18 ಎಂದಿದ್ದರೆ ಸಣ್ಣ ಮಕ್ಕಳಿಗೆ ಅದರ ವಿಡಿಯೋ ಬೇಡ.

ಮಾತನ್ನು ಕೇಳಿ ನೋಡುವುದು

ಆಟ ಒಳ್ಳೆಯದಿದ್ದರೂ ಆಡುವವನ ಮಾತು ಒಳ್ಳೆಯದಿರಬೇಕೆಂದಿಲ್ಲ. ಪರದೆ ನೋಡದೆ ಐದು ನಿಮಿಷ ವಿಡಿಯೋದ ಮಾತನ್ನಷ್ಟೇ ಕೇಳಿದರೆ ಬಹಳಷ್ಟು ಗೊತ್ತಾಗುತ್ತದೆ. ಬೈಗುಳ ಇದೆಯೇ? ಪ್ರತಿ ಮಾತೂ ಕಿರುಚಾಟವೇ? ಸೋತವರನ್ನು, ದಪ್ಪಗಿರುವವರನ್ನು, ಹುಡುಗಿಯರನ್ನು ಹಂಗಿಸುತ್ತಾನೆಯೇ? ಹಿಂದಿ ವಿಡಿಯೋ ನೋಡುವ ಕನ್ನಡದ ಮಗು ಅರ್ಥ ತಿಳಿಯದೆಯೇ ಕೆಟ್ಟ ಪದವನ್ನು ಕಲಿತು ನೆಂಟರ ಮುಂದೆ ಹೇಳಿಬಿಡುತ್ತದೆ. ಆಗ ಮಗುವನ್ನು ಗದರುವುದಕ್ಕಿಂತ ಆ ಪದ ಬಂದದ್ದು ಎಲ್ಲಿಂದ ಎಂದು ನೋಡುವುದು ಮುಖ್ಯ.

ಹಣದ ಮಾತು ಬರುತ್ತದೆಯೇ ಎಂಬುದನ್ನೂ ಗಮನಿಸಬೇಕು. ಫ್ರೀ ಫೈರ್ ಆಟದ 'ಡೈಮಂಡ್', ರೋಬ್ಲಾಕ್ಸಿನ 'ರೋಬಕ್ಸ್' ಇವೆಲ್ಲ ನಿಜವಾದ ಹಣ ಕೊಟ್ಟು ಕೊಳ್ಳುವ ಆಟದ ನಾಣ್ಯಗಳು. ದಿನವೂ ಇವುಗಳನ್ನು ಕೊಂಡು ಮೆರೆಯುವ ವಿಡಿಯೋ ನೋಡಿದ ಮಗು ತನಗೂ ಬೇಕೆಂದು ಹಠ ಮಾಡುವುದು ಸಹಜ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಅಂಥ ಜಾಹೀರಾತು ಹೇಳುವ ಚಾನೆಲ್ ಕಂಡರೆ ಎರಡನೇ ಯೋಚನೆ ಬೇಡ, ಅದನ್ನು ಬ್ಲಾಕ್ ಮಾಡಬೇಕು.

ಹೆದರಿಸುವ ಆಟಗಳು

ರಕ್ತ ಕಾಣದಿದ್ದರೂ ಸಣ್ಣ ಮಕ್ಕಳಿಗೆ ಹೊಂದದ ಇನ್ನೊಂದು ಬಗೆ ಇದೆ. 2021ರಲ್ಲಿ ಬಂದ ಪಾಪಿ ಪ್ಲೇಟೈಮ್ ಆಟದಲ್ಲಿ ಪಾಳುಬಿದ್ದ ಆಟಿಕೆ ಕಾರ್ಖಾನೆಯೊಳಗೆ ಹಗ್ಗಿ ವಗ್ಗಿ ಎಂಬ ನೀಲಿ ಗೊಂಬೆ ಬೆನ್ನಟ್ಟುತ್ತದೆ. ಉದ್ದ ಕೈ, ಕೆಂಪು ತುಟಿ, ಬಾಯಿ ತುಂಬ ಚೂಪು ಹಲ್ಲು. ಇದೇ ಗೊಂಬೆಯನ್ನು ಆಟಿಕೆ ಅಂಗಡಿಗಳಲ್ಲೂ ಮಾರುವುದರಿಂದ ಹಿರಿಯರಿಗೆ ಅನುಮಾನ ಬರುವುದಿಲ್ಲ. ಗ್ರ್ಯಾನಿ ಎಂಬ ಆಟದಲ್ಲಿ ಬೀಗ ಹಾಕಿದ ಮನೆಯೊಳಗೆ ದೊಣ್ಣೆ ಹಿಡಿದ ಮುದುಕಿ ಅಟ್ಟಿಸಿಕೊಂಡು ಬರುತ್ತಾಳೆ. ದೊಡ್ಡವರಿಗೆ ಇದು ತಮಾಷೆ. ಆರು ವರ್ಷದೊಳಗಿನ ಮಗುವಿಗೆ ಕಥೆ ಯಾವುದು, ನಿಜ ಯಾವುದು ಎಂಬ ಗೆರೆ ಇನ್ನೂ ಸ್ಪಷ್ಟವಿರುವುದಿಲ್ಲ. ರಾತ್ರಿ ಬೆಚ್ಚುವುದು, ಬಚ್ಚಲಿಗೆ ಒಬ್ಬರೇ ಹೋಗಲು ಹೆದರುವುದು, ದೀಪ ಆರಿಸಲು ಬಿಡದಿರುವುದು ಕಂಡರೆ ಹಗಲು ನೋಡಿದ ವಿಡಿಯೋ ಯಾವುದೆಂದು ವಿಚಾರಿಸಬೇಕು.

"ನಿಜವಾಗಿ ಯಾರೂ ಸಾಯುವುದಿಲ್ಲವಲ್ಲ?"

ಜೈನ ಮನೆಗಳಲ್ಲಿ ಹಿಂಸೆಯ ಬಗ್ಗೆ ಕೇಳಿದಾಗ ಮಕ್ಕಳು ಕೊಡುವ ಉತ್ತರ ಇದು. ಕೇಳಲು ಸರಿ ಎನಿಸುತ್ತದೆ. ಆದರೆ ಈ ಪ್ರಶ್ನೆ ಹೊಸದೇನಲ್ಲ. ಜನ್ನ ಕವಿಯ ಯಶೋಧರ ಚರಿತೆಯಲ್ಲಿ ರಾಜ ಯಶೋಧರ ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೋಳಿ ಹಿಟ್ಟಿನದೇ ಆದರೂ ಕೊಲ್ಲುವ ಸಂಕಲ್ಪದ ಫಲವನ್ನು ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಉಣ್ಣಬೇಕಾಗುತ್ತದೆ. ದ್ರವ್ಯಹಿಂಸೆಯ ಜೊತೆಗೆ ಭಾವಹಿಂಸೆಯೂ ಇದೆ ಎಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಕಥೆ ಬೇಕಿಲ್ಲ. ವಿಡಿಯೋ ನೋಡಿದ ಮಗುವಿಗೆ ಪಾಪದ ಹೆದರಿಕೆ ಹುಟ್ಟಿಸಲು ಈ ಕಥೆಯನ್ನು ಬಳಸಬಾರದು. ಕೊಲ್ಲುವುದನ್ನು ನೋಡಿ ಖುಷಿಪಡುವ ಅಭ್ಯಾಸ ಒಳ್ಳೆಯದಲ್ಲ ಎಂದು ತಿಳಿಹೇಳಿದರೆ ಸಾಕು.

ಮೈನ್‌ಕ್ರಾಫ್ಟ್ ಆಟದಲ್ಲಿ ಇದನ್ನು ಚೆನ್ನಾಗಿ ವಿವರಿಸಬಹುದು. ಇದಕ್ಕೆ ಪೆಗಿ 7 ವರ್ಷ, ಇಎಸ್‌ಆರ್‌ಬಿ 10 ವರ್ಷ ಎಂದಿದೆ. ಚೌಕದ ಕಲ್ಲು, ಮರ ಜೋಡಿಸಿ ಮನೆ, ಸೇತುವೆ, ಕೋಟೆ ಕಟ್ಟುವುದು ಇದರ ಮುಖ್ಯ ಆಕರ್ಷಣೆ. ಆದರೆ ಹಸಿವು ನೀಗಿಸಲು ಹಸು, ಹಂದಿ, ಕೋಳಿಗಳನ್ನು ಕೊಂದು ಮಾಂಸ ಪಡೆಯುವುದೂ ಇದರಲ್ಲಿದೆ. ಗೋಧಿ ಬೆಳೆದು ರೊಟ್ಟಿ ಮಾಡುವ ದಾರಿಯೂ, ಕುರಿಯನ್ನು ಕೊಲ್ಲದೆ ಕತ್ತರಿಯಿಂದ ಉಣ್ಣೆ ತೆಗೆಯುವ ದಾರಿಯೂ ಇವೆ. 'ಪೀಸ್‌ಫುಲ್' ಎಂಬ ಆಯ್ಕೆಯಲ್ಲಿ ಆಡಿದರೆ ದಾಳಿ ಮಾಡುವ ರಾಕ್ಷಸರು ಬರುವುದಿಲ್ಲ, ಹಸಿವೂ ಆಗುವುದಿಲ್ಲ. ಒಂದೇ ಆಟದ ಎರಡು ವಿಡಿಯೋಗಳಲ್ಲಿ ಒಂದು ಯೋಗ್ಯ, ಇನ್ನೊಂದು ಅಯೋಗ್ಯ ಆಗಬಹುದು. ಆಟದ ಹೆಸರು ತಿಳಿದರಷ್ಟೇ ಸಾಲದು, ವಿಡಿಯೋವನ್ನೂ ನೋಡಬೇಕು ಎನ್ನುವುದು ಇದಕ್ಕೇ.

'ಮಕ್ಕಳಿಗಾಗಿ' ಎಂಬ ಗುರುತನ್ನು ನಂಬಬಹುದೇ?

ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಅದರ ಪರಿಣಾಮವಾಗಿ 2020ರಿಂದ ವಿಡಿಯೋ ಹಾಕುವವರು ಅದು ಮಕ್ಕಳಿಗಾಗಿ ಮಾಡಿದ್ದೋ ಅಲ್ಲವೋ ಎಂದು ತಿಳಿಸಬೇಕಾಗಿದೆ. ಮಕ್ಕಳಿಗಾಗಿ ಎಂದಿದ್ದರೆ ಕಾಮೆಂಟ್ ಇರುವುದಿಲ್ಲ, ವೀಕ್ಷಕರ ಮಾಹಿತಿ ಆಧರಿಸಿದ ಜಾಹೀರಾತೂ ಇರುವುದಿಲ್ಲ. ಈ ಗುರುತನ್ನು ಹಾಕುವವರು ಹೆಚ್ಚಾಗಿ ವಿಡಿಯೋ ಮಾಡಿದವರೇ. ಇದು ಗುಣಮಟ್ಟದ ಪ್ರಮಾಣಪತ್ರವಲ್ಲ.

ಇನ್ನೊಂದು ಮಾತು. ವಯಸ್ಕರಿಗೆ ಮಾತ್ರ ಎಂದು ಯೂಟ್ಯೂಬ್ ತಡೆದಿರುವ ವಿಡಿಯೋ ಕೂಡ ವಯಸ್ಕರ ಖಾತೆಯಲ್ಲಿ ತೆರೆಯುತ್ತದೆ. ಅಜ್ಜನ ಫೋನಿನಲ್ಲಿ ನೋಡುವ ಮೊಮ್ಮಗ ಯೂಟ್ಯೂಬಿನ ಲೆಕ್ಕದಲ್ಲಿ ಅಜ್ಜನೇ!

ಮನೆಯಲ್ಲಿ ಮಾಡಬಹುದಾದ ವ್ಯವಸ್ಥೆ

1. ಸಣ್ಣ ಮಕ್ಕಳಿಗೆ ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಆ್ಯಪ್ ಹಾಕಿಕೊಡಬೇಕು. ಇದರಲ್ಲಿ ಪೋಷಕರು ಒಪ್ಪಿದ ಚಾನೆಲ್ ಮತ್ತು ವಿಡಿಯೋಗಳು ಮಾತ್ರ ಕಾಣುವಂತೆ ಮಾಡುವ ಆಯ್ಕೆಯಿದೆ. ಎಂಟು ವರ್ಷದೊಳಗಿನವರಿಗೆ ಇದೇ ಸುರಕ್ಷಿತ.

2. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ನಿಲ್ಲಿಸಬೇಕು. ಒಳ್ಳೆಯ ವಿಡಿಯೋದಿಂದ ಆರಂಭವಾದದ್ದು ಅರ್ಧ ಗಂಟೆಯಲ್ಲಿ ಎಲ್ಲಿಗೋ ಹೋಗಿರುತ್ತದೆ.

3. ಇಯರ್‌ಫೋನ್ ಬೇಡ, ಕೋಣೆಯ ಬಾಗಿಲು ಹಾಕುವುದು ಬೇಡ. ನಡುಮನೆಯಲ್ಲಿ, ಎಲ್ಲರಿಗೂ ಕೇಳುವಂತೆ ನೋಡಲಿ.

4. ಸಮಯದ ಮಿತಿ ಇರಲಿ. ಎರಡು ವರ್ಷದೊಳಗೆ ಮೊಬೈಲ್ ಬೇಡ, ಎರಡರಿಂದ ಐದು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತು ವರ್ಷಕ್ಕೆ ಎರಡು ಗಂಟೆಯೊಳಗೆ ಇರಬೇಕು ಎಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳಿದೆ. ಊಟದ ಹೊತ್ತು ಮತ್ತು ಮಲಗುವ ಮುಂಚಿನ ಒಂದು ಗಂಟೆಯನ್ನು ಪೂರ್ತಿ ಬಿಡಿಸುವುದು ಒಳ್ಳೆಯದು.

5. ಯುಪಿಐ ಪಿನ್ ಮಕ್ಕಳಿಗೆ ತಿಳಿಯಬಾರದು. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಬೇಕು.

6. ಮನೆಯ ಎಲ್ಲರದೂ ಒಂದೇ ಮಾತಾಗಿರಬೇಕು. ತಾಯಿ ಬೇಡ ಎಂದದ್ದನ್ನು ಅಜ್ಜ ಕೊಟ್ಟರೆ ಯಾವ ಸೆಟ್ಟಿಂಗ್ ಹಾಕಿಯೂ ಪ್ರಯೋಜನವಿಲ್ಲ.

ಮೊಬೈಲ್ ತೆಗೆದುಕೊಂಡರೆ ವಿಪರೀತ ಸಿಟ್ಟು, ಊಟ ನಿದ್ದೆ ಬಿಡುವುದು, ಗೆಳೆಯರ ಜೊತೆ ಆಟಕ್ಕೆ ಹೋಗದಿರುವುದು ವಾರಗಟ್ಟಲೆ ಮುಂದುವರಿದರೆ ವೈದ್ಯರ ಸಲಹೆ ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್ ಕ್ಲಿನಿಕ್' ಇದೆ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಒಂದು ವಿಡಿಯೋ ಬೇಡ ಎಂದು ತೀರ್ಮಾನಿಸಿದಾಗ ಮೊಬೈಲ್ ಕಿತ್ತುಕೊಳ್ಳುವುದಕ್ಕಿಂತ ಕಾರಣ ಹೇಳಿ ಬೇರೆಯದನ್ನು ಕೊಡಬೇಕು. ದರೋಡೆಯ ವಿಡಿಯೋ ಬದಲು ಕೋಟೆ ಕಟ್ಟುವ ವಿಡಿಯೋ ಇರಲಿ, ಅದು ಮುಗಿದ ಮೇಲೆ ಮನೆಯಲ್ಲಿರುವ ರಟ್ಟಿನ ಪೆಟ್ಟಿಗೆಗಳಿಂದಲೇ ಒಂದು ಕೋಟೆ ಕಟ್ಟಲು ಹೇಳಲಿ. ವಾರಕ್ಕೆ ಎರಡು ದಿನ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು, "ಇವನು ಮಾಡಿದ್ದು ಸರಿಯೇ?" ಎಂದು ಕೇಳುತ್ತಾ ನೋಡಿದರೆ, ಯಾವುದು ತನಗೆ ತಕ್ಕದ್ದು ಎಂಬ ವಿವೇಕ ನಿಧಾನವಾಗಿ ಮಗುವಿನಲ್ಲೇ ಬೆಳೆಯುತ್ತದೆ. ಮುಂದೆ ಅದು ಸ್ವಂತ ಮೊಬೈಲ್ ಹಿಡಿಯುವ ದಿನ ಬಂದಾಗ ಹಿರಿಯರು ಪಕ್ಕದಲ್ಲಿ ಇರುವುದಿಲ್ಲ. ಆಗ ನೆರವಿಗೆ ಬರುವುದು ಈಗ ಕಲಿಸಿದ ಈ ವಿವೇಕವೇ.